ಹಡಗು ಹತ್ತುವ ಮೊದಲು ಇದನ್ನು ನೋಡಿ

ನಮಸ್ಕಾರ್ರಿ ಎಲ್ಲರಿಗೂ. ಹುಬ್ಬಳ್ಳಿ-ಧಾರವಾಡದಿಂದ ಹಡಗಿನ ಕೆಲಸಕ್ಕೆ ಹೋಗುವ ಹುಡುಗರ ಮನೆಯವರೇ ಈ ಗುಂಪಿನಲ್ಲಿ ಜಾಸ್ತಿ. "ಹಡಗು ಸುರಕ್ಷಿತ ಅನ್ನಲು ಅದಕ್ಕೆ ಸರ್ಟಿಫಿಕೇಟ್ ಇದ್ದರೆ ಸಾಕಲ್ವಾ?" ಎಂದು ಒಬ್ಬರು ಕೇಳಿದ್ದರು.

ಸಾಕಾಗುವುದಿಲ್ಲ. ಹಡಗನ್ನು ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡುವುದು ಕ್ಲಾಸ್ ಸಂಸ್ಥೆಗಳು. ನಮ್ಮ ದೇಶದ್ದು ಮುಂಬೈಯ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್. ಫೀ ಕಟ್ಟುವವರು ಮಾತ್ರ ಹಡಗಿನ ಮಾಲೀಕರೇ! 1999ರಲ್ಲಿ ಫ್ರಾನ್ಸ್ ಕರಾವಳಿಯಾಚೆ ಎರಡು ತುಂಡಾಗಿ ಮುಳುಗಿದ ಎರಿಕಾ ಎಂಬ ತೈಲ ಹಡಗಿಗೂ ಸರ್ಟಿಫಿಕೇಟ್ ಇತ್ತು. ಆಮೇಲೆ ಯುರೋಪು ನಿಯಮ ಬಿಗಿ ಮಾಡಿತು. 2009ರ ಕಾನೂನಿನ ಪ್ರಕಾರ ಈ ಸಂಸ್ಥೆಗಳ ಗುಣಮಟ್ಟ ಅಳೆಯಲು ಕ್ಯುಎಸಿಇ ಎಂಬ ಸ್ವತಂತ್ರ ಸಂಸ್ಥೆ ಬಂತು. ಅದನ್ನು ಕಟ್ಟಿದ್ದೂ ಕ್ಲಾಸ್ ಸಂಸ್ಥೆಗಳೇ, ಆದರೆ ಅವು ಹೇಳಿದಂತೆ ಅದು ಕುಣಿಯುವಂತಿಲ್ಲ. ನನಗಂತೂ ಪೂರ್ತಿ ನೆಮ್ಮದಿಯಿಲ್ಲ. ಇಲ್ಲದಿರುವುದಕ್ಕಿಂತ ಮೇಲು, ಅಷ್ಟೇ.

ಈಗ ನಮ್ಮ ಕೆಲಸ. ಆಫರ್ ಬಂದ ಕೂಡಲೇ ಹಡಗಿನ 7 ಅಂಕಿಯ ಐಎಂಒ ನಂಬರ್ (ಹಡಗಿನ ಗುರುತಿನ ಸಂಖ್ಯೆ) ಕೇಳಿ. ಹಡಗುಗಳ ಮಾಹಿತಿ ಇರುವ ಈಕ್ವಾಸಿಸ್ ವೆಬ್‌ಸೈಟಿನಲ್ಲಿ ನಿಮ್ಮ ಹೆಸರು ನೋಂದಾಯಿಸಿ, ಆ ನಂಬರ್ ಹಾಕಿ ನೋಡಿ, ದುಡ್ಡು ಬೇಕಿಲ್ಲ. ಕ್ಲಾಸ್ ಸಂಸ್ಥೆ ಯಾವುದು, ಯಾವ ಬಂದರಿನಲ್ಲಿ ಹಡಗನ್ನು ತಡೆದಿಟ್ಟಿದ್ದರು ಎಂಬುದು ಅಲ್ಲಿ ಸಿಗುತ್ತದೆ. ನೋಡಲು ಬಾರದವರು ನಂಬರನ್ನು ಇಲ್ಲೇ ಹಾಕಿ, ಯಾರಾದರೂ ನೋಡಿ ಹೇಳುತ್ತಾರೆ. ಏಜೆಂಟ್ ಆ ನಂಬರ್ ಕೊಡಲ್ಲ ಅಂದರೆ ದುಡ್ಡು ಕಟ್ಟಬೇಡಿ.