ಎರಡನೇ ಕೀಪರನ್ನು ಮಾರಬೇಡ

ಕಾರವಾರ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ಗೋವಾದ ಕ್ಲಬ್ಬಿನವರು ನಿಮ್ಮ ಫುಟ್‌ಬಾಲ್ ಕ್ಲಬ್ಬಿನ ಎರಡನೇ ಗೋಲ್‌ಕೀಪರನ್ನು ಕೇಳಿದ್ದಾರೆ, ಕಮಿಟಿಯವರು ದುಡ್ಡು ಕಂಡು ಹೂಂ ಅಂದಾಗಿದೆ, ಕೋಚ್ ಒಪ್ಪುತ್ತಿಲ್ಲ ಅಂತ ಬರೆದಿದ್ದೀಯ. ನನ್ನ ಮಾತು ಮೊದಲೇ ಹೇಳಿಬಿಡ್ತೇನೆ ತಮಾ. ಮಾರಬೇಡ. ಹಾಗಂತ ಬೆಂಚಿನ ಮೇಲೂ ಕೂರಿಸಿಡಬೇಡ. ಒಂದು ಸೀಸನ್ನಿಗೆ ಲೋನ್ ಮೇಲೆ ಕಳಿಸು, ಅಂದರೆ ಹುಡುಗ ನಿಮ್ಮವನೇ ಆಗಿದ್ದು ಅಷ್ಟು ದಿನ ಅವರಿಗೆ ಆಡಲಿ.

ಹುಡುಗ ಫಾರ್ವರ್ಡ್ ಆಗಿದ್ದರೆ ಲೆಕ್ಕ ಬೇರೆ. ಐದು ಜನರನ್ನು ಬದಲಿಸಲಿಕ್ಕೆ ಬರುವ ಪಂದ್ಯಗಳಲ್ಲಿ ಎರಡನೇ ಸಾಲಿನವನಿಗೂ ಕೊನೆಯ ಇಪ್ಪತ್ತು ನಿಮಿಷ ಸಿಗ್ತದೆ. ಎರಡನೇ ಕೀಪರಿಗೆ ಆಟ ಸಿಗಬೇಕಾದರೆ ಮೊದಲನೆಯವನು ಪೆಟ್ಟು ತಿನ್ನಬೇಕು, ಇಲ್ಲಾ ಕೆಂಪು ಕಾರ್ಡ್ ತಿನ್ನಬೇಕು. ನಿಮ್ಮ ಮೊದಲ ಕೀಪರಿಗೆ 26 ಅಂದಿ. ಒಳ್ಳೆಯ ಕೀಪರ್ 35ರವರೆಗೆ ಆಡ್ತಾನೆ. 19ರ ಹುಡುಗ ಎಷ್ಟು ವರ್ಷ ಕಾಯಬೇಕು, ನೀನೇ ಕೂಡಿಸಿ ನೋಡು.

ಪ್ರ್ಯಾಕ್ಟೀಸಿನಲ್ಲಿ ಚೆನ್ನಾಗಿ ಹಾರ್ತಾನೆ ಅನ್ನೋದನ್ನ ಪೂರ್ತಿ ನಂಬಬೇಡ. ಹಾರೋದು ಪ್ರ್ಯಾಕ್ಟೀಸಿನಲ್ಲೇ ಬರ್ತದೆ. ಮುಂದೆ ಬರಬೇಕೋ ನಿಲ್ಲಬೇಕೋ ಅನ್ನೋ ತೀರ್ಮಾನ ಬರೋದಿಲ್ಲ. ಕಾರ್ನರ್ ಬಾಲ್ ಎದ್ದ ಕೂಡಲೇ ಅವನ ಕೈ ಬಿಟ್ಟು ಕಾಲು ನೋಡು. ಮೊದಲ ಹೆಜ್ಜೆ ಲೈನಿನ ಕಡೆ ಹಿಂದಕ್ಕೆ ಬಿದ್ದರೆ ಅಳುಕು ಇದೆ ಅಂತ, ಆದರೂ ಅಲ್ಲಿಂದ ತಡೆಯಬಹುದು. ಎರಡು ಹೆಜ್ಜೆ ಮುಂದೆ ಬಂದು, ಮನಸ್ಸು ಬದಲಿಸಿ, ಗೋಲಿನಿಂದ 5.5 ಮೀಟರ್ ಮುಂದಿನ ಗೆರೆಯ ಹತ್ತಿರ ನಿಂತುಬಿಟ್ಟನೋ, ಕೆಟ್ಟ. ಬಾಲೂ ಕೈಗೆ ಸಿಗೋದಿಲ್ಲ, ಬೆನ್ನ ಹಿಂದೆ 7.32 ಮೀಟರ್ ಅಗಲದ ಗೋಲಿನ ಬಾಗಿಲು ತೆಗೆದಿರ್ತದೆ. ನಮ್ಮ ಮಳೆಗಾಲದ ಮೈದಾನದಲ್ಲಿ ಇದು ಇನ್ನೂ ಕಷ್ಟ: ಒದ್ದೆ ಹುಲ್ಲಿನ ಮೇಲೆ ಬಾಲ್ ಜಾರಿಕೊಂಡು ಬರ್ತದೆ, ನೀರು ನಿಂತಲ್ಲಿ ಗಕ್ಕನೆ ನಿಲ್ತದೆ. ಎದುರಿನವನ ಮೊಣಕೈ ತಿಂದು, ಜನರ ಗದ್ದಲದ ನಡುವೆ ಡಿಫೆಂಡರಿಗೆ ‘ಬಿಡು, ನಂದು’ ಅಂತ ಒದರಿ ಒದರಿಯೇ ಈ ಅಳುಕು ಹೋಗಬೇಕು. ಅದಕ್ಕೆ ಪಂದ್ಯವೇ ಬೇಕು.

ದೊಡ್ಡ ಕ್ಲಬ್ಬುಗಳೂ ಇದರಲ್ಲಿ ಎಡವಿವೆ. ಇಂಗ್ಲೆಂಡಿನ ಆರ್ಸೆನಲ್ ತನ್ನ ಕೀಪರ್ ಎಮಿಲಿಯಾನೊ ಮಾರ್ಟಿನೆಜ್‌ನನ್ನು ವರ್ಷಗಟ್ಟಲೆ ಬೇರೆ ಬೇರೆ ಕ್ಲಬ್ಬಿಗೆ ಲೋನ್ ಕಳಿಸಿತು. 2020ರ ಜೂನ್‌ನಲ್ಲಿ ಮೊದಲ ಕೀಪರ್ ಲೆನೊನ ಮಂಡಿಗೆ ಪೆಟ್ಟಾದಾಗ ಗೋಲಿಗೆ ನಿಂತವನು ಇವನೇ, ಆಗಸ್ಟ್‌ನಲ್ಲಿ ಎಫ್‌ಎ ಕಪ್ ಗೆದ್ದಾಗಲೂ ಇವನೇ. ಸೆಪ್ಟೆಂಬರಿನಲ್ಲಿ ಆಸ್ಟನ್ ವಿಲ್ಲಾಗೆ ಮಾರಿದರು. ಮರುವರ್ಷ ಅದಕ್ಕಿಂತ ಹೆಚ್ಚು ದುಡ್ಡು ಕೊಟ್ಟು ರ್ಯಾಮ್ಸ್‌ಡೇಲ್ ಅನ್ನೋ ಕೀಪರನ್ನು ತಂದರು. 2022ರ ವಿಶ್ವಕಪ್ಪಿನ ಅತ್ಯುತ್ತಮ ಕೀಪರ್ ಮಾರ್ಟಿನೆಜ್! ಚೆಲ್ಸಿಯವರು ಜಾಣರು. ತಮ್ಮ ಎಳೆಯ ಕೀಪರ್ ಕೋರ್ಟ್ವಾನನ್ನು 2011ರಿಂದ ಮೂರು ಸೀಸನ್ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಲೋನ್ ಕೊಟ್ಟರು. 2014ರಲ್ಲಿ ಸ್ಪೇನಿನ ಲೀಗ್ ಲಾ ಲಿಗಾ ಗೆದ್ದು ಬಂದವನು ಚೆಲ್ಸಿಯ ಮೊದಲ ಕೀಪರ್ ಚೆಕ್‌ನ ಜಾಗಕ್ಕೇ ನಿಂತ. ಕಮಿಟಿಯವರು ಮಾರಲೇಬೇಕು ಅಂತ ಹಟ ಹಿಡಿದರೆ ಡಿಫೆಂಡರ್ ಕಾರ್ವಹಾಲ್‌ನ ಉದಾಹರಣೆ ಹೇಳು: ರಿಯಲ್ ಮ್ಯಾಡ್ರಿಡ್ 2012ರಲ್ಲಿ 50 ಲಕ್ಷ ಯೂರೊಗೆ ಮಾರಿ, ಮರಳಿ ಕೊಳ್ಳುವ ಷರತ್ತು ಬರೆಸಿಕೊಂಡಿತ್ತು, ಮರುವರ್ಷ 65 ಲಕ್ಷಕ್ಕೆ ವಾಪಸ್ ತಂದಿತು.

ಈಗ ಕಾಗದದ ವಿಷಯ. ಹುಡುಗನ ಜೊತೆ ಲಿಖಿತ ಕರಾರು ಇದೆಯೇ? ಅದನ್ನು ನೀನು ಬರೆದೇ ಇಲ್ಲ. ಕರಾರಿಲ್ಲದಿದ್ದರೆ ಮಾರೋದಕ್ಕೆ ನಿಮ್ಮ ಹತ್ತಿರ ಏನೂ ಇಲ್ಲ, ಲೋನ್ ಕೊಡೋದಕ್ಕೂ ಇಲ್ಲ. ಮೊದಲು ಎರಡು ವರ್ಷದ್ದಾದರೂ ಮಾಡಿಕೊಳ್ಳಿ, ಆಮೇಲೆ ಗೋವಾದವರ ಜೊತೆ ಕೂತು ಮಾತಾಡಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಆಟಗಾರರನ್ನು ನೋಂದಾಯಿಸುವ ಸಿಆರ್‌ಎಸ್‌ನಲ್ಲಿ ಅವನ ಹೆಸರು, ಹುಟ್ಟಿದ ತಾರೀಖು, ನಿಮ್ಮಲ್ಲಿ ಆಡಿದ ಪ್ರತಿ ಸೀಸನ್ನೂ ಸರಿಯಾಗಿ ಏರಿದೆಯೋ ನೋಡು. ಇದನ್ನು ಕ್ಲರ್ಕಿನ ಕೆಲಸ ಅಂತ ತಳ್ಳಬೇಡ. ಮುಂದೆ ಅವನು ಕರಾರಿನ ನಡುವೆ ಹೊರದೇಶದ ಕ್ಲಬ್ಬಿಗೆ ಹೋದರೆ, ಫಿಫಾ ನಿಯಮದಂತೆ ಅವನಿಗಾಗಿ ಕೊಟ್ಟ ಟ್ರಾನ್ಸ್‌ಫರ್ ಮೊತ್ತದಲ್ಲಿ 5% ಅವನು 12ನೇ ವಯಸ್ಸಿನಿಂದ 23ರವರೆಗೆ ಆಡಿದ ಕ್ಲಬ್ಬುಗಳಿಗೆ ಹಂಚಿಕೆಯಾಗ್ತದೆ. 16 ದಾಟಿದ ಮೇಲಿನ ಒಂದೊಂದು ಸೀಸನ್ನಿಗೆ 0.5%. ಒಂದು ಕೋಟಿಯ ಟ್ರಾನ್ಸ್‌ಫರಿನಲ್ಲಿ ಮೂರು ಸೀಸನ್ನಿಗೆ ಒಂದೂವರೆ ಲಕ್ಷ. ದಾಖಲೆ ಇಲ್ಲದಿದ್ದರೆ ಸೊನ್ನೆ.

ಲೋನ್ ಪತ್ರದಲ್ಲಿ ಕನಿಷ್ಠ ಹತ್ತು ಪಂದ್ಯ ಆಡಿಸಬೇಕು, ಆಡಿಸದಿದ್ದರೆ ಇಷ್ಟು ದಂಡ ಅಂತ ಬರೆಸು. ಅಲ್ಲೂ ಬೆಂಚೇ ಆದರೆ ಕಳಿಸಿ ಏನು ಬಂತು? ಪೆಟ್ಟಾದರೆ ಆಸ್ಪತ್ರೆ, ವಿಮೆ ಯಾರ ಕೈಯಿಂದ ಅನ್ನೋದು ಅಂಕಿ ಸಮೇತ ಇರಲಿ. ವಾಪಸ್ ಕರೆಸುವ ಹಕ್ಕು ಬರೆಸುವಾಗ ತಾರೀಖು ರಿಜಿಸ್ಟ್ರೇಷನ್ ವಿಂಡೋ, ಅಂದರೆ ಆಟಗಾರರ ಹೆಸರು ನೋಂದಾಯಿಸಲಿಕ್ಕೆ ಬಿಟ್ಟ ಅವಧಿಯ ಒಳಗೇ ಬೀಳಬೇಕು. ವಿಂಡೋ ಮುಚ್ಚಿದ ಮೇಲೆ ಕರೆಸಿದರೆ ಹುಡುಗ ಬರ್ತಾನೆ, ಆಡಲಿಕ್ಕಾಗೋದಿಲ್ಲ. ‘ಬೇಕಾದರೆ ಕೊಳ್ಳಬಹುದು’ ಅನ್ನೋ ಸಾಲನ್ನು ಅವರು ಮೆಲ್ಲಗೆ ತುರುಕ್ತಾರೆ. ಬೆಲೆ ಈಗಲೇ ಗಟ್ಟಿ ಮಾಡಿ, ಮುಂದೆ ಅವರು ಮಾರಿದರೆ ನಿಮಗೆ 15% ಅಂತ ಸೇರಿಸದೆ ಸಹಿ ಹಾಕಬೇಡ.

ಇನ್ನೊಂದು, ಇವನು ಹೋದ ಮೇಲೆ ನಿಮ್ಮ ಬೆಂಚಿನಲ್ಲಿ ಕೂರೋರು ಯಾರು? ಮೊದಲ ಕೀಪರಿಗೆ ಕೆಂಪು ಕಾರ್ಡ್ ಬಿದ್ದು ಬದಲಿ ಕೀಪರ್ ಇಲ್ಲದಿದ್ದರೆ ಯಾರೋ ಡಿಫೆಂಡರ್ ಗ್ಲೌಸ್ ಹಾಕಬೇಕಾಗ್ತದೆ. ಆಟ ಬಿಟ್ಟ ಹಳೇ ಕೀಪರ್ ಒಬ್ಬನನ್ನು ಒಂದು ಸೀಸನ್ನಿಗೆ ರಿಜಿಸ್ಟರ್ ಮಾಡಿಸಿಟ್ಟುಕೊಂಡರೂ ಸಾಕು.

ಗೋವಾದ ಮಡಗಾಂವ್ ಕಾರವಾರದಿಂದ ದೂರವೇನಲ್ಲ, ಸುಮಾರು 70 ಕಿಲೋಮೀಟರ್. ಆದರೂ ದಿನಾ ಓಡಾಡಿ ಆಡು ಅನ್ನಬೇಡ. ಉಳಿಯಲಿಕ್ಕೆ, ಊಟಕ್ಕೆ ಅವರೇ ವ್ಯವಸ್ಥೆ ಮಾಡಲಿ. ಕಮಿಟಿ ಮೀಟಿಂಗಿಗೆ ಮೊದಲು ಹುಡುಗನ ಮನೆಗೆ ಹೋಗಿ ಅವನ ಅಪ್ಪ-ಅಮ್ಮನ ಎದುರಿಗೇ ಕರಡನ್ನು ಓದಿ ಹೇಳು. ಮೀನುಪೇಟೆಯಲ್ಲಿ ಸುದ್ದಿ ಕೇಳಿ ಅವರಿಗೆ ಗೊತ್ತಾಗೋದು ಬೇಡ.

ಇಂತಿ,
ನಿನ್ನ ಮಾವ