ಹಿತ್ತಲಲ್ಲಿ ಒಂದು ಹಳೇ ಸೈಕಲ್ ಇದೆ

ಚಿತ್ರದುರ್ಗ

ಪ್ರೀತಿಯ ಅಳಿಯನಿಗೆ ನಿನ್ನ ಮಾವನ ಆಶೀರ್ವಾದಗಳು.

ಮೊನ್ನೆ ದಾವಣಗೆರೆಗೆ ಬಂದಾಗ ನಿನ್ನ ವೆಲ್ಡಿಂಗ್ ಶೆಡ್ಡಿನ ಮೂಲೆಯಲ್ಲಿ ಆ ಹುಂಜ ನೋಡಿದೆ. ಸೈಕಲ್ ಚೈನ್ ಬಗ್ಗಿಸಿ ಜುಟ್ಟು ಮಾಡಿದ್ದೀಯ, ಮಡ್‌ಗಾರ್ಡ್ ಸೀಳಿ ಬಾಲ. ಒಂದು ಕಾಲೆತ್ತಿ ಇನ್ನೇನು ನೆಲ ಕೆದಕುತ್ತೆ ಅನ್ನೋ ಹಾಗಿತ್ತು. ನಾನು ಬಗ್ಗಿ ನೋಡೋಷ್ಟರಲ್ಲಿ ಗೋಣಿಚೀಲ ಮುಚ್ಚಿಬಿಟ್ಟೆ. "ಸುಮ್ನೆ ಟೈಂಪಾಸ್ ಮಾವ, ನಾನೇನು ಕಲೆ ಓದಿದವನಾ" ಅಂದೆ. ಆ ಮಾತು ಮನೆ ಸೇರೋವರೆಗೂ ಚುಚ್ಚುತ್ತಲೇ ಇತ್ತು.

ಚಂಡೀಗಢದಲ್ಲಿ ಒಡೆದು ಬಿಸಾಡಿದ ಸಾಮಾನಿಂದಲೇ ಬೊಂಬೆಗಳ ತೋಟ ಕಟ್ಟಿದ ನೇಕ್ ಚಂದ್ ಕೂಡ ಕಲೆ ಓದಿದವರಲ್ಲ. ದೇಶ ಇಬ್ಭಾಗವಾದಾಗ ಅವರ ಹಳ್ಳಿ ಪಾಕಿಸ್ತಾನಕ್ಕೆ ಹೋಯಿತು. ಊರು ಬಿಟ್ಟು ಬಂದು, ನನ್ನ ಹಾಗೇ ಲೋಕೋಪಯೋಗಿ ಇಲಾಖೆ ಸೇರಿದರು. ರಸ್ತೆ ಇನ್‌ಸ್ಪೆಕ್ಟರ್. ಹೊಸ ನಗರ ಕಟ್ಟೋಕೆ ಹಳ್ಳಿಗಳನ್ನೇ ಕೆಡವಿದ್ದರಲ್ಲ, ಆ ಒಡೆದ ಹೆಂಚು, ಪಿಂಗಾಣಿ ಚೂರು, ಹೊಳೆಯ ಕಲ್ಲು ಎಲ್ಲ ಸೈಕಲ್ ಮೇಲೆ ಹೊತ್ತು ತಂದರು. 1957ರ ಹೊತ್ತಿಗೆ ಸುಖನಾ ಕೆರೆ ಹತ್ತಿರದ ಕಾಡಲ್ಲಿ ಶುರು ಮಾಡಿದ್ದು, ವರ್ಷಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ಹಗಲು ಡ್ಯೂಟಿ, ರಾತ್ರಿ ಇದು. ಅವರು ನೌಕರಿ ಬಿಡಲಿಲ್ಲ, ಅದನ್ನು ಗಮನಿಸು. ನೀನೂ ಗ್ರಿಲ್ ಕೆಲಸ ಬಿಡಬೇಡ. ಅಕ್ಕ ಆಮೇಲೆ ನನ್ನನ್ನೇ ಬೈತಾಳೆ.

ಅದು ಸರ್ಕಾರಿ ಜಾಗ, ಯಾರೂ ಏನೂ ಕಟ್ಟುವಂತಿರಲಿಲ್ಲ. ಗೊತ್ತಾದಾಗ ಕೆಡವಿಯೇ ಬಿಡಬಹುದಿತ್ತು. ಕೆಡವಲಿಲ್ಲ. 1976ರಲ್ಲಿ ಜನರಿಗೆ ತೆರೆದರು. ಅವರಿಗೆ ಸಂಬಳ ಕೊಟ್ಟು, ಜೊತೆಗೆ 50 ಜನ ಆಳುಗಳನ್ನೂ ಕೊಟ್ಟರು. ಅದೇ ರಾಕ್ ಗಾರ್ಡನ್. 1984ರಲ್ಲಿ ಪದ್ಮಶ್ರೀ. (ನೀನು ಮಾತ್ರ ಶೆಡ್ಡಿನ ಹಿಂದಿನ ಜಾಗಕ್ಕೆ ಮಾಲೀಕರನ್ನು ಕೇಳಿಯೇ ಕೈ ಹಾಕು.)

ನಾನು ಅಲ್ಲಿ ಹೋಗಿದ್ದಾಗ ಒಂದು ಹೆಣ್ಣಿನ ಬೊಂಬೆ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಮೈತುಂಬ ಒಡೆದ ಗಾಜಿನ ಬಳೆ. ಹಸಿರು, ಕೆಂಪು, ಒತ್ತೊತ್ತಾಗಿ ಸಿಮೆಂಟಿಗೆ ಕೂರಿಸಿದ್ದು. ಯಾವ ಯಾವ ಕೈಯಲ್ಲಿದ್ದ ಬಳೆಗಳೋ ಅನಿಸಿ ಕಣ್ಣು ತುಂಬಿತು. ದುಗ್ಗಮ್ಮನ ಜಾತ್ರೆ ಮುಗಿದ ಮೇಲೆ ಬಳೆ ಅಂಗಡಿಗಳ ಮುಂದೆ ಎಷ್ಟು ಚೂರು ಬಿದ್ದಿರುತ್ತೆ, ನೋಡಿದ್ದೀಯಲ್ವಾ? ಒಂದು ಡಬ್ಬ ತಗೊಂಡು ಹೋಗು.

ಇನ್ನೊಂದು ವಿಷಯ. ಅವರ ಎಷ್ಟೋ ಬೊಂಬೆಗಳ ಒಳಗಿನ ಎಲುಬು ಹಳೇ ಸೈಕಲ್ ಫ್ರೇಮು. ನನ್ನ ಅಟ್ಲಾಸ್ ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿದೆ. ಗುಜರಿಯವನು ಎರಡು ಸಲ ಕೇಳಿದ, ಕೊಟ್ಟಿಲ್ಲ. ಭಾನುವಾರ ಬಾ. ಬರುವಾಗ ಆ ಹುಂಜವನ್ನೂ ತಾ, ನಿನ್ನ ಅತ್ತೆಗೆ ತೋರಿಸಬೇಕು.

ನಿನ್ನ ಮಾವ