ವೀಸಾಕ್ಕೆ ಎಷ್ಟು ಇಂಗ್ಲಿಷ್ ಬೇಕು: ಬ್ರಿಟನ್ನಿಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಬ್ರಿಟನ್ನಿನ ಕಂಪನಿ ನಿನಗೆ ಕೆಲಸ ಕೊಡಲು ಒಪ್ಪಿರುವುದು, ವೀಸಾಕ್ಕೆ ಬೇಕಾದ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟನ್ನೂ ತಾನೇ ಕೊಡುವುದಾಗಿ ಹೇಳಿರುವುದು ತಿಳಿದು ಸಂತೋಷವಾಯಿತು. ಆದರೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಏಳು ಬ್ಯಾಂಡ್ ಬಾರದೆ ಸ್ಕಿಲ್ಡ್ ವರ್ಕರ್ ಎಂಬ ಕೆಲಸದ ವೀಸಾ ಸಿಗುವುದಿಲ್ಲವೆಂದು ನಿಮ್ಮೂರಿನ ಕೋಚಿಂಗ್ ಸೆಂಟರಿನವರು ಹೇಳಿದ ಮಾತನ್ನು ನಂಬಿ ನೀನು ಆಗಲೇ ಶುಲ್ಕ ಕಟ್ಟಲು ಹೊರಟಿರುವುದು ನನಗೆ ಸರಿ ಕಾಣಲಿಲ್ಲ. ದುಡ್ಡು ಕೊಡುವ ಮೊದಲು ಈ ಪತ್ರವನ್ನೊಮ್ಮೆ ಪೂರ್ತಿ ಓದು.

ಈ ವೀಸಾಕ್ಕೆ ಬೇಕಾಗಿರುವುದು ಯುರೋಪಿನ ಭಾಷಾ ಮಾನದಂಡದಲ್ಲಿ ಬಿ2 ಎಂದು ಕರೆಯುವ ಮಟ್ಟ. 2026ರ ಜನವರಿ 8ಕ್ಕೆ ಮೊದಲು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಬಿ1 ಸಾಕಾಗುತ್ತಿತ್ತು; ಅಂದಿನಿಂದ ಹೊಸದಾಗಿ ಅರ್ಜಿ ಹಾಕುವವರಿಗೆ ಬಿ2 ಕಡ್ಡಾಯವಾಯಿತು. ಹಳೆಯ ನಿಯಮದಲ್ಲಿ ಬಂದು ಇಲ್ಲಿ ಬ್ರಿಟನ್ನಿನಲ್ಲಿಯೇ ವೀಸಾ ಮುಂದುವರಿಸಿಕೊಳ್ಳುವವರಿಗೆ ಬಿ1 ಈಗಲೂ ನಡೆಯುತ್ತದೆ. ಆದ್ದರಿಂದ ಎರಡು ವರ್ಷದ ಹಿಂದೆ ಬಂದ ನಿನ್ನ ಸಹಪಾಠಿಗಳು "ನಾಲ್ಕು ಬ್ಯಾಂಡ್ ಬಂದರೆ ಸಾಕು" ಎಂದು ಹೇಳಿದ್ದರೆ ಅವರು ಸುಳ್ಳು ಹೇಳಿದ್ದಲ್ಲ, ಅವರ ಕಾಲದ ನಿಯಮ ಹೇಳಿದ್ದಾರೆ. ಬಿ2 ಎಂದರೆ ಐಇಎಲ್‌ಟಿಎಸ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಈ ನಾಲ್ಕರಲ್ಲೂ ತಲಾ 5.5, ಪಿಟಿಇ ಎಂಬ ಇನ್ನೊಂದು ಪರೀಕ್ಷೆಯಲ್ಲಿ ತಲಾ 59. ಏಳು ಬ್ಯಾಂಡ್ ಎಂಬುದು ಈ ನಿಯಮದಲ್ಲಿ ಎಲ್ಲಿಯೂ ಇಲ್ಲ.

ಏಳರ ಮಾತು ಎಲ್ಲಿಂದ ಬರುತ್ತದೆಂದು ನಾನು ಊಹಿಸಬಲ್ಲೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ವ್ಯವಸ್ಥೆಯಲ್ಲಿ ಇಂಗ್ಲಿಷಿನ ಅಂಕ ಏರಿದಷ್ಟೂ ಅರ್ಜಿದಾರನ ಒಟ್ಟು ಅಂಕವೂ ಏರುತ್ತದೆ, ಹಾಗಾಗಿ ಅಲ್ಲಿಗೆ ಹೋಗುವವರು ಏಳು, ಎಂಟು ಎಂದು ಬೆನ್ನಟ್ಟುವುದರಲ್ಲಿ ಅರ್ಥವಿದೆ. ಬ್ರಿಟನ್ನಿನ ಈ ವೀಸಾಕ್ಕೆ ಒಟ್ಟು 70 ಅಂಕ ಬೇಕು, ಅದರಲ್ಲಿ ಇಂಗ್ಲಿಷಿಗೆ 10. ಆ ಹತ್ತು ಅಂಕ 5.5 ಪಡೆದವನಿಗೂ ಅಷ್ಟೇ, ಒಂಬತ್ತು ಪಡೆದವನಿಗೂ ಅಷ್ಟೇ. ಆದರೆ ಇಲ್ಲಿ ಸರಾಸರಿಯ ಲೆಕ್ಕವೂ ನಡೆಯುವುದಿಲ್ಲ ಎಂಬುದನ್ನು ಮರೆಯಬೇಡ. ಮೂರು ವಿಭಾಗಗಳಲ್ಲಿ ಏಳು ಬಂದು ಬರವಣಿಗೆಯಲ್ಲಿ ಐದು ಬಂದರೆ ಒಟ್ಟು ಬ್ಯಾಂಡ್ ನೋಡಲು ಚೆನ್ನಾಗಿರುತ್ತದೆ, ವೀಸಾ ಮಾತ್ರ ಸಿಗುವುದಿಲ್ಲ.

ಇಷ್ಟಕ್ಕೂ ನೀನು ಪರೀಕ್ಷೆ ಬರೆಯಲೇಬೇಕೆ ಎಂಬುದು ಮೊದಲು ತೀರ್ಮಾನವಾಗಬೇಕಾದ ಸಂಗತಿ. ಇಂಗ್ಲಿಷ್ ಮಾತನಾಡುವ ದೇಶಗಳೆಂದು ಬ್ರಿಟನ್ ಸರ್ಕಾರ ಮಾಡಿರುವ ಪಟ್ಟಿಯಲ್ಲಿ ಜಮೈಕಾ ಇದೆ, ಆಸ್ಟ್ರೇಲಿಯಾ ಇದೆ, ಭಾರತ ಇಲ್ಲ. ಹಾಗಾಗಿ ಪಾಸ್‌ಪೋರ್ಟಿನ ಬಲದಿಂದ ನಮಗೆ ವಿನಾಯಿತಿ ಸಿಗದು. ಆದರೆ ಇಂಗ್ಲಿಷಿನಲ್ಲಿ ಬೋಧಿಸಿದ ಪದವಿಯೊಂದು ಕೈಯಲ್ಲಿದ್ದರೆ ಅದನ್ನೇ ಪುರಾವೆಯಾಗಿ ತೋರಿಸಬಹುದು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಬಿ.ಇ. ಪದವಿ ನಿನ್ನದು, ನಾಲ್ಕು ವರ್ಷವೂ ಇಂಗ್ಲಿಷಿನಲ್ಲಿಯೇ ಓದಿದ್ದೀಯೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದು ಇಲ್ಲಿ ಲೆಕ್ಕಕ್ಕೆ ಬರುವುದೇ ಇಲ್ಲ.

ಆದರೆ ಕಾಲೇಜಿನ ಪ್ರಾಂಶುಪಾಲರಿಂದ ಬೋಧನಾ ಮಾಧ್ಯಮದ ಪತ್ರ ಬರೆಸಿಕೊಂಡು ಅರ್ಜಿಯ ಜೊತೆ ಲಗತ್ತಿಸಿದರೆ ಕೆಲಸ ಮುಗಿಯಿತೆಂದು ತಿಳಿಯಬೇಡ. ಎಂ.ಎಸ್. ಓದಲು ಬರುವ ಹುಡುಗರಿಗೆ ಆ ಪತ್ರ ಸಾಕಾಗುವುದುಂಟು, ಏಕೆಂದರೆ ಅವರ ಇಂಗ್ಲಿಷನ್ನು ಅಳೆಯುವ ಅಧಿಕಾರವನ್ನು ಸರ್ಕಾರ ಆಯಾ ವಿಶ್ವವಿದ್ಯಾಲಯಗಳಿಗೇ ಬಿಟ್ಟಿದೆ. ಕೆಲಸದ ವೀಸಾಕ್ಕೆ ಆ ಸಡಿಲಿಕೆ ಇಲ್ಲ. ನಿನ್ನ ಪದವಿ ಬ್ರಿಟನ್ನಿನ ಬ್ಯಾಚುಲರ್ ಪದವಿಗೆ ಸಮವೆಂದೂ ಅದನ್ನು ಇಂಗ್ಲಿಷಿನಲ್ಲಿ ಬೋಧಿಸಲಾಗಿದೆಯೆಂದೂ ಎಕ್ಟಿಸ್ ಎಂಬ ಸಂಸ್ಥೆ ದೃಢಪಡಿಸಬೇಕು. ಹಿಂದೆ ನಾರಿಕ್ ಎಂದು ಎಲ್ಲರೂ ಕರೆಯುತ್ತಿದ್ದ ಸೇವೆ ಇದೇ. ಪದವಿ ಪ್ರಮಾಣಪತ್ರ, ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ, ಬೋಧನಾ ಮಾಧ್ಯಮದ ಪತ್ರ ಇವನ್ನು ಸಿದ್ಧವಾಗಿಟ್ಟುಕೊಂಡು ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಆ ಪತ್ರವನ್ನು ಕಾಲೇಜಿನಿಂದ ತರುವುದಕ್ಕಿಂತ ವಿಶ್ವವಿದ್ಯಾಲಯದಿಂದಲೇ ತರುವುದು ಕ್ಷೇಮ. ನಮ್ಮ ಕಡೆಯ ವಿಶ್ವವಿದ್ಯಾಲಯದ ಕಚೇರಿಗಳಲ್ಲಿ ಒಂದು ಪತ್ರ ಮೇಜಿನಿಂದ ಮೇಜಿಗೆ ಸಾಗುವ ವೇಗ ನಿನಗೆ ಗೊತ್ತೇ ಇದೆ, ಆದ್ದರಿಂದ ಬೇರೆಲ್ಲದಕ್ಕಿಂತ ಮೊದಲು ಇದನ್ನು ಶುರು ಮಾಡು. ಡಿಪ್ಲೊಮಾ ಮಾತ್ರ ಮಾಡಿರುವವರಿಗೆ ಈ ದಾರಿ ತೆರೆದಿಲ್ಲ, ಕನಿಷ್ಠ ಬ್ಯಾಚುಲರ್ ಪದವಿಯೇ ಬೇಕು. ಪದವಿಯ ದಾರಿಗೆ ಇನ್ನೊಂದು ಅನುಕೂಲವೂ ಇದೆ. ಪರೀಕ್ಷೆಯ ಫಲಿತಾಂಶ ಎರಡು ವರ್ಷಕ್ಕೆ ಹಳತಾಗುತ್ತದೆ. ಪದವಿಗೆ ಅಂಥ ಗಡುವಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಈ ದಾರಿಯನ್ನೇ ಹಿಡಿಯುತ್ತಿದ್ದೆ.

ಹೀಗಿದ್ದರೂ ಪರೀಕ್ಷೆಯ ವಿಚಾರವನ್ನು ಕೈಬಿಡಬೇಡ. ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಕೈಗೆ ಬಂದ ಮೂರು ತಿಂಗಳೊಳಗೆ ವೀಸಾಕ್ಕೆ ಅರ್ಜಿ ಹಾಕಬೇಕು, ಅಷ್ಟರಲ್ಲಿ ವಿಶ್ವವಿದ್ಯಾಲಯದ ಪತ್ರ ಬಾರದಿದ್ದರೆ ಪರೀಕ್ಷೆಯೊಂದೇ ಗತಿ. ಬರೆಯುವುದಾದರೆ ಹೆಸರಿನ ಕೊನೆಗೆ 'ಫಾರ್ ಯುಕೆವಿಐ' (ಬ್ರಿಟನ್ನಿನ ವೀಸಾ ವಿಭಾಗಕ್ಕಾಗಿ) ಎಂದಿರುವ ಐಇಎಲ್‌ಟಿಎಸ್ ಪರೀಕ್ಷೆಯನ್ನೇ ಬುಕ್ ಮಾಡು. ಪ್ರಶ್ನೆಪತ್ರಿಕೆಯ ಸ್ವರೂಪ, ಅಂಕ ಕೊಡುವ ರೀತಿ ಎರಡೂ ಸಾಮಾನ್ಯ ಐಇಎಲ್‌ಟಿಎಸ್‌ನಂತೆಯೇ ಇದ್ದರೂ, ಸರ್ಕಾರ ಒಪ್ಪಿದ ಕೇಂದ್ರದಲ್ಲಿ, ಅದು ಹೇಳಿದ ಭದ್ರತೆಯಲ್ಲಿ ನಡೆದ ಪರೀಕ್ಷೆಯನ್ನು ಮಾತ್ರ ಈ ವೀಸಾಕ್ಕೆ ಪರಿಗಣಿಸುತ್ತಾರೆ. ಸಾಮಾನ್ಯ ಪರೀಕ್ಷೆಯಲ್ಲಿ ಎಂಟು ಬಂದರೂ ಪ್ರಯೋಜನವಿಲ್ಲ.

ಇಷ್ಟು ಬಿಗಿಗೆ ಒಂದು ಹಿನ್ನೆಲೆಯಿದೆ. 2014ರ ಫೆಬ್ರವರಿಯಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ, ಬ್ರಿಟನ್ನಿನಲ್ಲಿಯೇ ನಡೆಯುತ್ತಿದ್ದ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಅಭ್ಯರ್ಥಿಗಳ ಬದಲು ಬೇರೆಯವರು ಕೂತು ಬರೆಯುವುದನ್ನು ಗುಪ್ತ ಕ್ಯಾಮೆರಾದಲ್ಲಿ ತೋರಿಸಿತು. ಆಮೇಲೆ ಗೃಹ ಇಲಾಖೆ ಸಾವಿರಾರು ವಿದ್ಯಾರ್ಥಿಗಳ ವೀಸಾ ರದ್ದುಪಡಿಸಿತು. ಅವರಲ್ಲಿ ನಿಜವಾಗಿ ಮೋಸ ಮಾಡಿದವರೂ ಇದ್ದರು, ಏನೂ ತಪ್ಪು ಮಾಡದೆ ವರ್ಷಗಟ್ಟಲೆ ಕೋರ್ಟು ಅಲೆದವರೂ ಇದ್ದರು, ಭಾರತದವರೂ ಇದ್ದರು. ಇಂದು ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಿನ್ನ ಪಾಸ್‌ಪೋರ್ಟನ್ನೂ ಮುಖವನ್ನೂ ಮತ್ತೆ ಮತ್ತೆ ತಾಳೆ ನೋಡಿದರೆ ಬೇಸರಪಟ್ಟುಕೊಳ್ಳಬೇಡ. "ಒಳಗಿನವರು ಗೊತ್ತಿದ್ದಾರೆ, ಬ್ಯಾಂಡ್ ಕೊಡಿಸುತ್ತೇವೆ" ಎನ್ನುವ ಏಜೆಂಟರು ಸಿಕ್ಕರೆ ಅವರ ಫೋನ್ ನಂಬರನ್ನು ಸಹ ಬರೆದುಕೊಳ್ಳಬೇಡ.

ಐಇಎಲ್‌ಟಿಎಸ್‌ನಲ್ಲಿ ಅಕಾಡೆಮಿಕ್, ಜನರಲ್ ಟ್ರೈನಿಂಗ್ ಎಂಬ ಎರಡು ಬಗೆಗಳಿವೆ, ಎರಡನ್ನೂ ಈ ವೀಸಾಕ್ಕೆ ಒಪ್ಪುತ್ತಾರೆ. ಯಾವುದು ಸುಲಭವೆಂದು ನೀನು ಕೇಳಿದ್ದೀಯೆ. ನನ್ನ ಮಟ್ಟಿಗೆ ಉತ್ತರ ಅಷ್ಟು ಸರಳವಲ್ಲ. ಬರವಣಿಗೆಯ ಮೊದಲ ಪ್ರಶ್ನೆಗೆ ಅಕಾಡೆಮಿಕ್‌ನಲ್ಲಿ ನಕ್ಷೆಯನ್ನೋ ಕೋಷ್ಟಕವನ್ನೋ ವಿವರಿಸಬೇಕು, ಜನರಲ್‌ನಲ್ಲಿ 150 ಪದಗಳ ಒಂದು ಪತ್ರ ಬರೆದರಾಯಿತು. ಓದುವ ಭಾಗದಲ್ಲಿ ಜನರಲ್‌ನ ಪಠ್ಯಗಳು ಸುಲಭ, ಆದರೆ ಅದೇ ಕಾರಣಕ್ಕೆ ಹೆಚ್ಚು ಸರಿಯುತ್ತರ ಬೇಕು: ಪರೀಕ್ಷೆ ನಡೆಸುವವರೇ ಪ್ರಕಟಿಸಿರುವ ಸರಾಸರಿಯಂತೆ ಆರು ಬ್ಯಾಂಡಿಗೆ ಅಕಾಡೆಮಿಕ್‌ನಲ್ಲಿ 40ಕ್ಕೆ 23 ಸರಿಯಾದರೆ ಸಾಕು, ಜನರಲ್‌ನಲ್ಲಿ 30 ಸರಿಯಾಗಬೇಕು. ಇಂಜಿನಿಯರಾದ ನಿನಗೆ ನಕ್ಷೆ ಹೊಸತಲ್ಲ, ತಾಂತ್ರಿಕ ಪಠ್ಯಗಳೂ ಹೊಸತಲ್ಲ. ಎರಡರದೂ ಒಂದೊಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ ನೋಡಿ ಆಮೇಲೆ ಆರಿಸಿಕೋ.

ನಿನ್ನ ಹೆದರಿಕೆಯೆಲ್ಲ ಮಾತಿನ ಬಗ್ಗೆ ಇದೆ, ನನಗಿರುವ ಅನುಮಾನ ಬರವಣಿಗೆಯ ಬಗ್ಗೆ. ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ನಿರರ್ಗಳತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ ಇವಕ್ಕೆ ಅಂಕವಿದೆ. ಉಚ್ಚಾರಣೆ ಎಂದರೆ ಕೇಳುವವನಿಗೆ ಅರ್ಥವಾಗುವ ಹಾಗೆ ಹೇಳುವುದು, ಲಂಡನ್ನಿನವರ ಹಾಗೆ ಹೇಳುವುದಲ್ಲ. ಸೈಟಿನಲ್ಲಿ ದಿನವೂ ತಮಿಳು, ಹಿಂದಿ, ತೆಲುಗು ಮಾತನಾಡುವವರಿಗೆಲ್ಲ ಇಂಗ್ಲಿಷಿನಲ್ಲಿ ಕೆಲಸ ವಿವರಿಸುವ ನಿನಗೆ ಎರಡು ನಿಮಿಷ ತಡೆಯಿಲ್ಲದೆ ಮಾತನಾಡುವುದು ಕಷ್ಟವಾಗದು. ಬರವಣಿಗೆ ಹಾಗಲ್ಲ. 60 ನಿಮಿಷದಲ್ಲಿ ಎರಡು ಪ್ರಶ್ನೆ, ಎರಡನೆಯದು 250 ಪದಗಳ ಪ್ರಬಂಧ, ಮೊದಲನೆಯದರ ಎರಡರಷ್ಟು ತೂಕ ಅದಕ್ಕೆ. ಕಂಠಪಾಠ ಮಾಡಿದ ಪ್ರಬಂಧವನ್ನು ಪರೀಕ್ಷಕರು ಗುರುತಿಸುತ್ತಾರೆ, ಗುರುತಿಸಿದರೆ ಅಂಕ ಕಡಿಯುತ್ತಾರೆ. ನೀನು ನನಗೆ ಇಂಗ್ಲಿಷಿನಲ್ಲಿ ಕಳಿಸುವ ಮಿಂಚಂಚೆಗಳಲ್ಲಿ ವಾಕ್ಯವೊಂದು ಶುರುವಾಗಿ ಮೂರು ಅಲ್ಪವಿರಾಮ ದಾಟಿ ಬೇರೆಲ್ಲೋ ಮುಗಿಯುತ್ತದೆ, ಅದನ್ನು ತಿದ್ದಿಕೊಳ್ಳಬೇಕು. ದಿನಕ್ಕೊಂದು ಪ್ರಬಂಧ ಬರೆದು ತಿದ್ದಬಲ್ಲವರೊಬ್ಬರಿಗೆ ತೋರಿಸು; ಕೋಚಿಂಗಿಗೆ ದುಡ್ಡು ಕೊಡಲೇಬೇಕೆಂದಿದ್ದರೆ ಬರವಣಿಗೆಯ ತಿದ್ದುಪಡಿಗಷ್ಟೇ ಕೊಡು.

ನಿನ್ನ ತಂಗಿಯ ವಿಷಯ ಬೇರೆ. ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿದ ಅವಳು ಇಲ್ಲಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲಿನಲ್ಲಿ ನೋಂದಣಿಯಾಗಬೇಕು. ಅಲ್ಲಿ ನಿಜಕ್ಕೂ ಏಳು ಬೇಕು, ಬರವಣಿಗೆಗೆ ಮಾತ್ರ 6.5, ಅಥವಾ ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಓಇಟಿ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯಬಹುದು. ಆ ಪರೀಕ್ಷೆಯನ್ನು ಕೌನ್ಸಿಲ್ ಒಪ್ಪಿದರೆ ವೀಸಾಕ್ಕೆ ಮತ್ತೊಂದನ್ನು ಬರೆಯಬೇಕಿಲ್ಲ. ಕೋಚಿಂಗಿನವರು ಅವಳ ಲೆಕ್ಕವನ್ನು ನಿನಗೂ ಹಚ್ಚಿರಬೇಕು.

ಇನ್ನು ಹೆಸರಿನ ವಿಚಾರ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಪದವಿ ಪ್ರಮಾಣಪತ್ರದಲ್ಲಿ ಹೆಸರಿನ ಮುಂದೆ, ಪಾಸ್‌ಪೋರ್ಟಿನಲ್ಲಿ ಊರೂ ಅಪ್ಪನ ಹೆಸರೂ ಬಿಡಿಸಿ ಬರೆದದ್ದು, ಹೀಗೆ ಒಬ್ಬನೇ ಮೂವರಾಗಿರುತ್ತಾನೆ. ಪರೀಕ್ಷೆಗೆ ನೋಂದಾಯಿಸುವಾಗ ಪಾಸ್‌ಪೋರ್ಟಿನಲ್ಲಿರುವಂತೆಯೇ, ಒಂದಕ್ಷರ ಹೆಚ್ಚುಕಡಿಮೆಯಾಗದಂತೆ ಹೆಸರು ತುಂಬು. ವಿಶ್ವವಿದ್ಯಾಲಯದಿಂದ ಬರುವ ಪತ್ರದಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿ ಹೆಸರು ಬರೆಯುವಂತೆ ಅರ್ಜಿಯಲ್ಲಿಯೇ ಕೇಳಿಕೋ. ಈ ವಾರ ಪದವಿ ಪ್ರಮಾಣಪತ್ರದ ಮತ್ತು ಪಾಸ್‌ಪೋರ್ಟಿನ ಮೊದಲ ಪುಟದ ಪ್ರತಿಗಳನ್ನು ನನಗೆ ಕಳಿಸು. ಎರಡರಲ್ಲಿಯೂ ಹೆಸರು ಹೇಗಿದೆಯೆಂದು ನೋಡಿದ ಮೇಲೆ ಎಕ್ಟಿಸ್ ಅರ್ಜಿಯನ್ನು ಇಬ್ಬರೂ ಕೂತು ತುಂಬೋಣ.

ಮನೆಯವರಿಗೆಲ್ಲ ನನ್ನ ನಮಸ್ಕಾರಗಳು.

ಇಂತಿ ನಿನ್ನ ಗೆಳೆಯ